ಬಂಗಾಲಿ ನಾಲ್ಕು

ಪ್ರೀತಿಯ ಗೆಳೆಯ,

ನೀನು ಕೊಡಗಿನಿಂದ ಮೆಲ್ಬರ್ನ್‌ಗೆ ವಾಪಸ್ ಹೋಗಿ ಮೂರು ವಾರವಾಯಿತು. ಕಾಫಿ ಅರಳಿಸುವ ಹೂಮಳೆ ಹೋದ ವಾರ ಚೆನ್ನಾಗಿ ಬಿತ್ತು, ತೋಟವೆಲ್ಲ ಹೂವಾಗಿ ಬೆಳ್ಳಗಾಗಿದೆ. ಫೋಟೋ ಕಳಿಸಿದರೆ ಬರೀ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾದೆ. ಯಾಕೆ ಅಂತ ಗೊತ್ತು ಮಾರಾಯ. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಮತ್ತೆ ಕೂಗಾಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕಣದ ಆ ಸಂಜೆ ನೆನಪಿದೆ ಅಲ್ವಾ? ರೋಬಸ್ಟಾ ಚೀಲಗಳನ್ನು ತೂಕಕ್ಕೆ ಸಾಲಾಗಿ ಇಟ್ಟಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿಯ ಚೆಕ್‌ರೋಲ್ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಊರಿನ ಆಳುಗಳಿಗೆಲ್ಲ ಹೆಸರಿತ್ತು. ಕೊನೆಗೆ ಬಂದದ್ದು 'ಬಂಗಾಲಿ ಒಂದು, ಬಂಗಾಲಿ ಎರಡು'. 'ಬಂಗಾಲಿ ನಾಲ್ಕು' ಅಂದಾಗ ಒಬ್ಬ ಹುಡುಗ ಚೀಲ ಎಳೆದುಕೊಂಡು ಬಂದ. ಅಂಗೈಯೆಲ್ಲ ಕಾಫಿಯ ಅಂಟಿಗೆ ಕಪ್ಪಾಗಿತ್ತು. 'ಅಸ್ಸಾಮ್' ಅಂತ ಮೆಲ್ಲಗೆ ತಿದ್ದಿದ. ನೀನು ನಕ್ಕು, "ಎಲ್ಲ ಬಾಂಗ್ಲಾದವರೇ, ಮುಖ ನೋಡಿದರೆ ಗೊತ್ತಾಗಲ್ವಾ" ಅಂದೆ.

ಅವತ್ತೇ ಮಧ್ಯಾಹ್ನ ಊಟಕ್ಕೆ ಕೂತಾಗ ನೀನು ಟ್ರಾಮಿನ ಕಥೆ ಹೇಳಿದ್ದೆ. ಯಾರೋ ನಿನ್ನ ಮುಖ ನೋಡಿ 'ನಿನ್ನ ದೇಶಕ್ಕೆ ಹೋಗು' ಅಂದದ್ದು, ನೀನು ಎರಡು ಸ್ಟಾಪ್ ಮೊದಲೇ ಇಳಿದು ನಡೆದದ್ದು. ಅದು ಕಿವಿಯಲ್ಲಿ ಇನ್ನೂ ಇತ್ತು. ಹಾಗಾಗಿ ಸಿಟ್ಟು ಬಂತು, ನಿನ್ನನ್ನು ರೇಸಿಸ್ಟ್ ಅಂದುಬಿಟ್ಟೆ. ಆಳುಗಳೆಲ್ಲ ನೋಡುತ್ತಿದ್ದರು. ಇಬ್ಬರೂ ಕೂಗಾಡಿ, ಅಲ್ಲಿಗೆ ಮಾತು ಮುಗಿಯಿತು. ಆ ಪದ ಎಸೆದದ್ದು ನನ್ನ ತಪ್ಪು. ನೀನು ಅಂದದ್ದೂ ತಪ್ಪೇ, ಅದನ್ನು ಮಾತ್ರ ಹಿಂದೆ ತೆಗೆದುಕೊಳ್ಳಲ್ಲ.

ನನ್ನದೂ ಹೇಳುತ್ತೇನೆ ಕೇಳು. ಕುಶಾಲನಗರದಲ್ಲಿ ಓದುವಾಗ ಹೊಳೆಯಾಚೆ ಬೈಲಕುಪ್ಪೆಯಿಂದ ಬರುತ್ತಿದ್ದ ಟಿಬೆಟಿನವರನ್ನು 'ಚೀನಿ, ಚೀನಿ' ಅಂತ ಕೂಗುತ್ತಿದ್ದವರಲ್ಲಿ ನಾನೇ ಮುಂದು. ಚೀನಾದಿಂದ ತಪ್ಪಿಸಿಕೊಂಡು ಬಂದು, 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಊರು ಕಟ್ಟಿಕೊಂಡವರು ಅವರು. ಅವರನ್ನೇ ಚೀನಿ ಅನ್ನುತ್ತಿದ್ದೆವು! ಯಾವ ಮೇಷ್ಟರೂ ಕಿವಿ ಹಿಂಡಲಿಲ್ಲ.

ರೇಸ್ ಅಂದರೆ ಅಮೆರಿಕದ ಗಲಾಟೆ, ನಮಗಿರುವುದು ಜಾತಿ ಮಾತ್ರ ಅಂತ ನೀನು ವಾದ ಮಾಡಿದೆ. ನಾವು ಎರಡಕ್ಕೂ ಜನಾಂಗ ಅಂತಲೇ ಅನ್ನುತ್ತೇವಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಕೊಡವರಾದ ನೀವು ಹೂವಿಟ್ಟು ಪೂಜೆ ಮಾಡುವ ಕೋವಿ ಇದೆಯಲ್ಲ, ಅದರ ಲೈಸೆನ್ಸ್ ವಿನಾಯಿತಿಯಲ್ಲೇ 'ರೇಸ್' ಅನ್ನುವ ಪದ ಇದೆ. 'ಕೂರ್ಗ್ ರೇಸ್'ನವರಿಗೆ, ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಅಂತ. ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರ ತನಕ ವಿಸ್ತರಿಸಿದ್ದಾರೆ. (ಗೌಡರಾದ ನಾವು ಜಮ್ಮಾ ಬಾಗಿಲಿನಿಂದ ಒಳಗೆ ಬಂದವರು, ಅದು ಬೇರೆ.) ಕೋವಿ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಬ್ರಿಟಿಷರ ಕಾಲದಲ್ಲಿ, 1901ರಲ್ಲಿ, ಹಾಲೆಂಡ್ ಅನ್ನುವ ಒಬ್ಬ ಭೂವಿಜ್ಞಾನಿ ಕೊಡವರ ಮತ್ತು ಯರವ ಬುಡಕಟ್ಟಿನವರ ತಲೆ, ಮೂಗು ಅಳೆದು, ಇಬ್ಬರನ್ನೂ ಎದುರುಬದುರು ಇಟ್ಟು ಬರೆದಿದ್ದ. ಕಲ್ಲು ಮಣ್ಣು ನೋಡಬೇಕಾದವನಿಗೆ ನಮ್ಮ ಮೂಗಿನ ಉಸಾಬರಿ ಯಾಕೆ ಬೇಕಿತ್ತೋ!

ಅವನು ಟೇಪು ಮಡಚಿಕೊಂಡು ಹೋಗಿ ನೂರಿಪ್ಪತ್ತು ವರ್ಷದ ಮೇಲಾಯಿತು. ನಮ್ಮ ಮನೆ ಹಿಂದಿನ ಸೂರಿನಡಿ ಇವತ್ತಿಗೂ ಒಂದು ಸ್ಟೀಲ್ ಲೋಟ ಸಿಕ್ಕಿಸಿಟ್ಟಿದೆ. ನಾನು ಹುಟ್ಟುವ ಮೊದಲಿನಿಂದ ತೋಟಕ್ಕೆ ಬರುತ್ತಿರುವ ಯರವರ ಅಜ್ಜಿ ಅದರಲ್ಲೇ ಚಹಾ ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಹೋಗುತ್ತಾರೆ. ನಿನಗೆ ಬುದ್ಧಿ ಹೇಳಿ ಮನೆಗೆ ಬಂದ ಆ ರಾತ್ರಿ ಅದು ಕಣ್ಣಿಗೆ ಬಿತ್ತು. ಅಮ್ಮನ ಹತ್ತಿರ ಇನ್ನೂ ಮಾತೆತ್ತಿಲ್ಲ. ಹೇಗೆ ಶುರು ಮಾಡಬೇಕು ಅಂತ ತಿಳಿಯುತ್ತಿಲ್ಲ, ನಿಜ.

ನಿನ್ನ ತಾಪತ್ರಯ ಸುಳ್ಳು ಅನ್ನಲ್ಲ. ಕುಯ್ಲಿಗೆ ಆಳು ಸಿಗಲ್ಲ, ಯಾರು ಎಲ್ಲಿಯವರು ಅಂತ ತಿಳಿಯದೆ ತೋಟದೊಳಗೆ ಆಳುಗಳ ಲೈನ್ ಮನೆ ಕೊಡಲು ಭಯ. ಆಧಾರ್ ಕೇಳು, ಅದರಲ್ಲೇನೂ ತಪ್ಪಿಲ್ಲ. ಕೇಳಿದ ಮೇಲೆ ಅದರಲ್ಲಿರುವ ಹೆಸರನ್ನು ಚೆಕ್‌ರೋಲಿಗೂ ಬರೆಸು. ಮೊನ್ನೆ ರೈಟರ್ ಸಿಕ್ಕಿದಾಗ ಆ ಹುಡುಗನ ಹೆಸರು ಕೇಳಿದೆ. ತಲೆ ಕೆರೆದುಕೊಂಡ. ಹುಡುಗ ಮೆಣಸು ಕುಯ್ಲಿಗೆ ಬೇರೆ ತೋಟಕ್ಕೆ ಹೋದನಂತೆ.

ಭಾನುವಾರ ಫೋನ್ ಮಾಡು. ಆ ಟ್ರಾಮಿನ ಕಥೆ ಇನ್ನೊಮ್ಮೆ ಹೇಳು, ಅವತ್ತು ನಡುವೆ ಬಾಯಿ ಹಾಕಿ ಪೂರ್ತಿ ಕೇಳಲೇ ಇಲ್ಲ. ಅಷ್ಟರೊಳಗೆ ಅಮ್ಮನ ಹತ್ತಿರ ಲೋಟದ ವಿಷಯ ಎತ್ತಿರುತ್ತೇನೆ. ಏನಾಯಿತು ಅಂತ ಹೇಳುತ್ತೇನೆ.

ನಿನ್ನವನೇ