ತಾತನ ಓದು

ಪ್ರೀತಿಯ ಪುಟ್ಟಿ,

ತಾತ ಎಲ್ಲಿವರೆಗೆ ಓದಿದ್ರು ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ನಾಲ್ಕನೇ ಕ್ಲಾಸು ಅಂದುಬಿಟ್ಟೆ. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಎಪ್ಪತ್ತರ ದಶಕದಲ್ಲಿ ಶಿರಾ ಕಡೆ ತೆರೆದ ಬಾವಿಗಳಿಗೆಲ್ಲ ಪಂಪ್‌ಸೆಟ್ ಬರುತ್ತಿದ್ದ ಕಾಲ. ತಾತ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ ಮೋಟಾರು ಹೊರುವ ಕೂಲಿಗಿದ್ದರು. ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡುವ ಮೇಜಿನ ಹತ್ತಿರ ಅವರನ್ನು ಸೇರಿಸುತ್ತಿರಲಿಲ್ಲ. ಗುಜರಿಯಿಂದ 5 ಎಚ್‌ಪಿ ಸುಟ್ಟ ಮೋಟಾರೊಂದನ್ನು ತೂಕಕ್ಕೆ ಕೊಂಡು ತಂದರು. ಪಡಸಾಲೆಯಲ್ಲಿ ಕೂತು ಒಂದೊಂದೇ ಕಾಯಿಲ್, ಅಂದರೆ ತಂತಿಯ ಸುರುಳಿ, ಬಿಚ್ಚಿದರು. ತಂತಿ ಕೂರುವ ಸೀಳು, ಅಂದರೆ ಸ್ಲಾಟು, 36. ಯಾವ ಸ್ಲಾಟಿನ ತಂತಿ ಯಾವುದಕ್ಕೆ ಇಳಿಯುತ್ತೆ, ಎಷ್ಟು ಸುತ್ತು, ತಂತಿ ಎಷ್ಟು ದಪ್ಪ (ಯಾವ ಗೇಜು), ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹಾಗೇ ವಾಪಸ್ ಸುತ್ತಿದರು. ಓಡಿಸಿದರೆ ಉಲ್ಟಾ ತಿರುಗಿತಂತೆ! ಮೋಟಾರಿಗೆ ಕರೆಂಟು ಕೊಡುವ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು ಅಂತ ಅವತ್ತು ಅವರೇ ಕಂಡುಕೊಂಡರು.

ಆಮೇಲೆ ಸ್ವಂತ ಅಂಗಡಿಯಾಯಿತು. ಸುಟ್ಟ ಮೋಟಾರು ಬಿಚ್ಚಿದ ಕೂಡಲೇ ತಾತ ತಂತಿಗೆ ಕೈ ಹಾಕುತ್ತಿರಲಿಲ್ಲ. ಮೊದಲು ಟಾರ್ಚ್ ಹಿಡಿದು ಸುತ್ತಲೂ ನೋಡುತ್ತಿದ್ದರು. ಎಲ್ಲ ಕಾಯಿಲೂ ಒಂದೇ ಸಮ ಕಪ್ಪಾಗಿದ್ದರೆ ಲೋಡು ಜಾಸ್ತಿಯಾಗಿದೆ, ಇಲ್ಲಾ ವೋಲ್ಟೇಜ್ ಬಿದ್ದಿದೆ. ಕೆಲವು ಗುಂಪು ಸುಟ್ಟು ಮಧ್ಯೆ ಮಧ್ಯೆ ಕೆಲವು ಹೊಸದರಂತೆ ಉಳಿದಿದ್ದರೆ ಒಂದು ಫೇಸ್, ಅಂದರೆ ಆ ಮೂರು ವೈರಿನಲ್ಲಿ ಒಂದರ ಕರೆಂಟು, ಹೋಗಿದೆ. "ಎರಡೇ ಫೇಸಲ್ಲಿ ಓಡಿಸಿದ್ದೀಯ ಅಲ್ವೇನಪ್ಪ?" ಅಂತ ಮೆಲ್ಲಗೆ ಕೇಳುತ್ತಿದ್ದರು. ಕಾರಣ ಗೊತ್ತಾಗದೆ ಕಟ್ಟಿಕೊಟ್ಟರೆ ಅದೇ ಮೋಟಾರು ತಿಂಗಳಲ್ಲಿ ಮತ್ತೆ ಸುಟ್ಟು ಬರುತ್ತೆ, ರೈತ ಎರಡು ಸಲ ಸಾಲ ಮಾಡಬೇಕಾಗುತ್ತೆ ಅನ್ನೋರು. ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಬಿಚ್ಚಿದ ಹಳೇ ತಾಮ್ರವನ್ನೂ ರೈತನ ಎದುರಿಗೇ ತೂಗಿ, ಅದರ ದುಡ್ಡು ಕೂಲಿಯಲ್ಲಿ ಕಳೆಯುತ್ತಿದ್ದರು. ಉಳಿದದ್ದು ಕಡಲೆಕಾಯಿ ಮಾರಿದ ಮೇಲೆ ಬರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಬರುತ್ತಿರಲಿಲ್ಲ.

ಬಾವಿ ಬತ್ತಿ ಬೋರ್ ಬಂದಾಗ ತಾತ ಮತ್ತೆ ಮೊದಲಿಂದ ಕಲಿಯಬೇಕಾಯಿತು. ನೀರಲ್ಲೇ ಮುಳುಗಿರುವ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ. ಕಾಯಿಲ್ ಮಾಡಿ ಕೂರಿಸುವ ಹಾಗಿಲ್ಲ. ಉದ್ದನೆಯ ಸ್ಟೇಟರ್ (ಮೋಟಾರಿನ ತಿರುಗದ ಹೊರಭಾಗ) ಒಳಗೆ ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಎಳೆದು, ಒಂದೊಂದೇ ಸುತ್ತು ಹೊಲಿಯಬೇಕು. ಒಂದು ಕಡೆ ತರಚಿದರೂ ನೀರು ಹೊಕ್ಕು ಎಲ್ಲ ಹಾಳು. ಆಗಲೇ ಅವರಿಗೆ ಕನ್ನಡಕ ಬಂದಿತ್ತು. ಎಳೆಯುವ ಮುಂಚೆ ತಂತಿಯ ಮೇಲೆ ಬೆರಳಾಡಿಸಿ ನೋಡುತ್ತಿದ್ದರು.

ಮನೆಯೂ ಅಂಗಡಿಯ ಜೊತೆಗೇ ನಡೆಯುತ್ತಿತ್ತು. ಸ್ಲಾಟಿನ ಬಾಯಿ ಮುಚ್ಚುವ ಬಿದಿರ ಕಡ್ಡಿಗಳನ್ನು ಅಜ್ಜಿ ಸೀಳಿ ನಯ ಮಾಡಿಕೊಡುತ್ತಿದ್ದಳು. ನಾನೂ ನಿನ್ನ ಮಾವನೂ ಪಕ್ಕದಲ್ಲಿ ಕೂತು ಸುತ್ತು ಎಣಿಸುತ್ತಿದ್ದೆವು. ನನ್ನ ಮಗ್ಗಿಗಿಂತ ಮೊದಲು ಬಂದ ಲೆಕ್ಕ ಅದು. ರಾತ್ರಿ ತ್ರೀ ಫೇಸ್ ಬಂದ ಮೇಲೆ ಯಾರಾದರೂ ಬಾಗಿಲು ಬಡಿದರೆ ತಾತ ಮುದ್ದೆ ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತೋರು. ಅಜ್ಜಿ ಬೈಯೋಳು, ತಟ್ಟೆ ಮುಚ್ಚಿಡೋಳು. ಆದರೆ ನನಗೆ ಜ್ವರ ಬಂದರೆ ಮಾತ್ರ ಯಾರು ಕರೆದರೂ ಹೋಗುತ್ತಿರಲಿಲ್ಲ. ನನ್ನ ಪಿಯುಸಿ ಫೀಸಿಗೆ ಅಂಗಡಿಯ ಹೊಸ ತಂತಿಯ ಉಂಡೆಗಳನ್ನೇ ಮಾರಿದ್ದು ನನಗೆ ಮದುವೆಯಾದ ಮೇಲೆ ಗೊತ್ತಾಯಿತು, ಅದೂ ಅಜ್ಜಿಯ ಬಾಯಲ್ಲಿ.

ಆ ನೋಟ್‌ಬುಕ್ ಈಗ ಅಂಗಡಿ ನಡೆಸುತ್ತಿರುವ ಹುಡುಗನ ಹತ್ತಿರ ಇದೆ. ಕೇಳಿ ತರೋಣ ಅಂದುಕೊಂಡಿದ್ದೆ. ಹಳೇ ಮೋಟಾರು ಬಂದಾಗ ಅವನು ಇವತ್ತಿಗೂ ಅದನ್ನೇ ತೆಗೆದು ನೋಡುತ್ತಾನಂತೆ, ಹಾಗಾಗಿ ಅಲ್ಲೇ ಇರಲಿ. ತಿಥಿಗೆ ನೀನು ಬಂದಾಗ ಇಬ್ಬರೂ ಹೋಗಿ ನೋಡಿಕೊಂಡು ಬರೋಣ.

ನಿನ್ನ,
ಅಮ್ಮ