ಕೌಶಲ ಆಟಗಾರನದು, ಪಟ್ಟಿ ಮಾಲೀಕನದು

ಮಾನ್ಯ ಸಂಪಾದಕರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದ್ದನ್ನು ಟೀಕಿಸಿ ನಿಮ್ಮ ಓದುಗರ ಅಂಕಣದಲ್ಲಿ ಪತ್ರವೊಂದು ಬಂದಿದೆ. ತಲೆ ಓಡಿಸುವವನು ವರ್ಷಗಟ್ಟಲೆ ಆಡಿದರೆ ಗೆದ್ದೇ ಗೆಲ್ಲುತ್ತಾನೆ, ಅವನ ದುಡಿಮೆಯನ್ನು ಕಿತ್ತುಕೊಳ್ಳಬೇಡಿ ಎಂಬುದು ಅದರ ವಾದ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು 1968ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಕೌಶಲವಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದನ್ನು ಜೀವನೋಪಾಯ ಮಾಡಿಕೊಳ್ಳಬಹುದು ಎಂದು ನಮ್ಮ ಹುಡುಗರಿಗೆ ಹೇಳುವುದು ಅನ್ಯಾಯ.

ತೀರ್ಥಹಳ್ಳಿ ತಾಲ್ಲೂಕಿನ ತೋಟಕ್ಕೆ ಮರಳುವ ಮುನ್ನ ನಾನು ಅಮೆರಿಕದ ಲಾಸ್ ವೇಗಸ್‌ನಲ್ಲಿ ಎಂಜಿನಿಯರ್ ಆಗಿದ್ದೆ. ಬಹಳ ವರ್ಷ ಸಂಜೆಯ ಹೊತ್ತು ವಿಡಿಯೊ ಪೋಕರ್ ಆಡಿದ್ದೇನೆ. ಪರದೆಯ ಮೇಲೆ ಐದು ಎಲೆ ಬರುತ್ತವೆ. ಬೇಕಾದದ್ದನ್ನು ಹಿಡಿದು ಉಳಿದದ್ದನ್ನು ಒಮ್ಮೆ ಬದಲಿಸಬಹುದು. ನೆವಾಡಾ ರಾಜ್ಯದ ನಿಯಮದಂತೆ, ನಿಜವಾದ 52 ಎಲೆಗಳ ಕಟ್ಟಿನಲ್ಲಿ ಪ್ರತಿ ಎಲೆ ಬೀಳುವ ಸಂಭವ ಎಷ್ಟಿದೆಯೋ ಯಂತ್ರದಲ್ಲೂ ಅಷ್ಟೇ ಇರಬೇಕು. ಯಾವ ಕೈಗೆ, ಅಂದರೆ ಕೊನೆಗೆ ಉಳಿದ ಐದು ಎಲೆಗಳ ಯಾವ ಜೋಡಣೆಗೆ, ಎಷ್ಟು ಹಣ ಎಂಬ ಪಟ್ಟಿ ಎದುರಿಗೇ ಇರುತ್ತದೆ. ಹೀಗಾಗಿ ಪ್ರತಿಯೊಂದು ನಡೆಯನ್ನೂ ಲೆಕ್ಕ ಹಾಕಬಹುದು. ಏಳರ ಜೋಡಿಯ ಜೊತೆಗೆ ಎಕ್ಕ ಬಂದರೆ ಹೊಸಬರು ಎಕ್ಕವನ್ನೂ ಹಿಡಿಯುತ್ತಾರೆ, ಅದನ್ನು ಬಿಡಬೇಕು. ಅದೇ ಕೈಯಲ್ಲಿ ನಾಲ್ಕು ಆಟೀನು ಇದ್ದರೆ ಐದನೆಯದರ ಆಸೆಗೆ ಜೋಡಿಯನ್ನೇ ಮುರಿಯಬೇಕು. ಜೋಡಿ ಗುಲಾಮರದ್ದಾದರೆ ಸಾಮಾನ್ಯವಾಗಿ ಮುರಿಯಬಾರದು. ಇದನ್ನೆಲ್ಲ ಕಲಿಯಲು ತಿಂಗಳುಗಳು ಬೇಕು, ತಪ್ಪದೆ ಪಾಲಿಸಲು ಇನ್ನೂ ಹೆಚ್ಚಿನ ಶಿಸ್ತು ಬೇಕು.

ಇಷ್ಟು ಕಲಿತವನಿಗೆ ಸಿಗುವುದೇನು? ಗುಲಾಮರ ಜೋಡಿ ಅಥವಾ ಅದಕ್ಕೂ ಮೇಲಿನ ಕೈಗೆ ಹಣ ಕೊಡುವ 'ಜಾಕ್ಸ್ ಆರ್ ಬೆಟರ್' ಎಂಬ ಆಟದಲ್ಲಿ ಫುಲ್ ಹೌಸ್‌ಗೆ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು ಎಲೆ) 9, ಫ್ಲಷ್‌ಗೆ (ಐದೂ ಒಂದೇ ಗುರುತಿನ ಎಲೆ) 6 ಪಟ್ಟು ಕೊಡುವ ಯಂತ್ರ ಅತ್ಯುತ್ತಮವಾದದ್ದು. ಒಂದೂ ತಪ್ಪಿಲ್ಲದೆ ಆಡಿದರೆ ದೀರ್ಘಾವಧಿಯಲ್ಲಿ ಹೂಡಿದ ಹಣದ ಶೇ 99.54 ವಾಪಸಾಗುತ್ತದೆ. ಅಂದರೆ ಪರಿಣತನೂ ಸೋಲುತ್ತಾನೆ, ಆದರೆ ನಿಧಾನವಾಗಿ. ಆಟಕ್ಕೆ ಒಂದೂಕಾಲು ಡಾಲರಿನಂತೆ ಕಟ್ಟಿ ಗಂಟೆಗೆ 600 ಆಟ ಆಡಿದರೆ ಸರಾಸರಿ ನಷ್ಟ ಸುಮಾರು ಮೂರೂವರೆ ಡಾಲರ್. ಕ್ಯಾಸಿನೊದ ಸದಸ್ಯತ್ವ ಕಾರ್ಡಿಗೆ ಬರುವ ಅಂಕ, ಊಟದ ಕೂಪನ್ ಸೇರಿಸಿದರೆ ಅದು ಸರಿದೂಗುತ್ತಿತ್ತು. ಎರಡರ ಎಲೆಗಳು ಜೋಕರ್ ಆಗಿ ನಡೆಯುವ 'ಡ್ಯೂಸಸ್ ವೈಲ್ಡ್' ಯಂತ್ರದ ಅತ್ಯುತ್ತಮ ಪಟ್ಟಿಯಲ್ಲಿ ಮಾತ್ರ ವಾಪಸಾತಿ ಶೇ 100.76. ಅಲ್ಲಿ ಲಾಭವಿತ್ತು, ಗಂಟೆಗೆ ಆರು ಡಾಲರಿಗೂ ಕಡಿಮೆ. ಅದೂ ಸರಾಸರಿ. ಲೆಕ್ಕವನ್ನು ತೂಗಿಸುವ ರಾಯಲ್ ಫ್ಲಷ್ (ಒಂದೇ ಗುರುತಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು) ಬರುವುದು ಸುಮಾರು 40,000ದಿಂದ 45,000 ಆಟಗಳಿಗೊಮ್ಮೆ. ಅಲ್ಲಿಯವರೆಗೆ ಜೇಬು ಕರಗುತ್ತಲೇ ಇರುತ್ತದೆ.

ಕ್ಯಾಸಿನೊ ಮಾಡಿದ್ದು ಬಹಳ ಸಣ್ಣ ಕೆಲಸ. 9 ಇದ್ದಲ್ಲಿ 8, 6 ಇದ್ದಲ್ಲಿ 5 ಎಂದು ಬರೆಯಿತು. ಯಂತ್ರ ಅದೇ, ಕುರ್ಚಿ ಅದೇ, ಪಟ್ಟಿ ಓದದವನಿಗೆ ಗೊತ್ತೂ ಆಗುವುದಿಲ್ಲ. ಈ ಎರಡು ಕೈಗಳಲ್ಲಿ ಒಂದೊಂದೂ ಸುಮಾರು ತೊಂಬತ್ತು ಆಟಕ್ಕೊಮ್ಮೆ ಬರುವಂಥದ್ದು. ಆದ್ದರಿಂದ ಒಂದೊಂದು ಅಂಕಿ ಇಳಿದಾಗಲೂ ಶೇ 1ಕ್ಕಿಂತ ಹೆಚ್ಚು ಹೋಗುತ್ತದೆ. ವಾಪಸಾತಿ ಶೇ 97.30ಕ್ಕೆ ಕುಸಿದು, ಗಂಟೆಯ ನಷ್ಟ ಮೂರೂವರೆ ಡಾಲರಿನಿಂದ ಇಪ್ಪತ್ತಕ್ಕೆ ಏರುತ್ತದೆ. ನನ್ನ ಆಟ ಕಿಂಚಿತ್ತೂ ಕೆಟ್ಟಿರಲಿಲ್ಲ. ಆಮೇಲೆ ಒಳ್ಳೆಯ ಯಂತ್ರಗಳಲ್ಲಿ ಆಡಿದರೆ ಕಾರ್ಡಿಗೆ ಬರುತ್ತಿದ್ದ ಅಂಕ ಕಡಿತವಾಯಿತು, ಕೂಪನ್‌ಗಳು ನಿಂತವು, ಕೆಲವು ಯಂತ್ರಗಳು ರಾತ್ರೋರಾತ್ರಿ ಮಾಯವಾದವು. ಅಡಿಕೆಯನ್ನು ಎಷ್ಟೇ ಚೆನ್ನಾಗಿ ಸುಲಿದು, ಬೇಯಿಸಿ, ರಾಶಿ, ಬೆಟ್ಟೆ ಎಂದು ವಿಂಗಡಿಸಿದರೂ ಮಂಡಿಯ ದರ ಬೆಳೆಗಾರನ ಕೈಯಲ್ಲಿಲ್ಲ ತಾನೆ? ಈಗ ಅಮೆರಿಕದ ತೆರಿಗೆಯೂ ಬದಲಾಗಿದೆ. 2025ರ ಜುಲೈನಲ್ಲಿ ಸಹಿಯಾದ ಕಾನೂನಿನಂತೆ 2026ರಿಂದ ಜೂಜಿನ ನಷ್ಟದಲ್ಲಿ ಶೇ 90ನ್ನು ಮಾತ್ರ ಗೆಲುವಿನಿಂದ ಕಳೆಯಬಹುದು. ಒಂದು ಲಕ್ಷ ಡಾಲರ್ ಗೆದ್ದು ಒಂದು ಲಕ್ಷ ಸೋತವನ ಕೈಯಲ್ಲಿ ಬಿಡಿಗಾಸು ಉಳಿಯದಿದ್ದರೂ ಹತ್ತು ಸಾವಿರಕ್ಕೆ ತೆರಿಗೆ ಬೀಳುತ್ತದೆ. ತೆಳುವಾದ ಅಂಚಿನ ಮೇಲೆ ಬದುಕುವ ಪರಿಣತನಿಗೆ ಇದು ಮರಣಶಾಸನ.

ಹೀಗಿದ್ದರೂ ಅಲ್ಲಿ ಪಟ್ಟಿ ಕಣ್ಣೆದುರಿಗಿರುತ್ತದೆ. ಅದನ್ನು ಓದಿ ಎದ್ದು ಹೋಗುವ ಸ್ವಾತಂತ್ರ್ಯವಿದೆ, ಎದ್ದು ಹೋಗುವುದೇ ದೊಡ್ಡ ಕೌಶಲವೂ ಹೌದು. ಮೊಬೈಲಿನಲ್ಲಿ ಸ್ಲಾಟ್, ಪೋಕರ್ ಎಂದು ಯಾರೋ ಕಳುಹಿಸಿದ ಲಿಂಕ್ ಒತ್ತುವ ನಮ್ಮ ಹುಡುಗನಿಗೆ ಏನು ಕಾಣುತ್ತದೆ? ಎಲೆಗಳು ನ್ಯಾಯವಾಗಿ ಬೀಳುತ್ತಿವೆಯೇ, ಇವತ್ತಿನ ಲೆಕ್ಕ ನಾಳೆಯೂ ಇರುತ್ತದೆಯೇ, ಒಂದೂ ತಿಳಿಯದು. ಕಾನೂನು ಬಂದ ಮೇಲೂ ಇಂಥ ಲಿಂಕ್‌ಗಳು ನಮ್ಮ ಹಳ್ಳಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿವೆ. ತೋಟದ ಮೇಲೆ ತೆಗೆದ ಸಾಲ ಅಲ್ಲಿಗೆ ಸುರಿದುಹೋದದ್ದನ್ನು ನೆರೆಕರೆಯಲ್ಲೇ ಕಂಡು ಸಂಕಟಪಟ್ಟಿದ್ದೇನೆ. ವಾರಾಂತ್ಯಕ್ಕೆ ಪಣಜಿಗೆ ಹೋಗಿ ಮಾಂಡೋವಿ ನದಿಯ ಹಡಗಿನ ಕ್ಯಾಸಿನೊ ಹತ್ತುವವರೂ ಕಡಿಮೆಯಿಲ್ಲ.

ನಿಷೇಧದ ಜೊತೆಗೆ ಈ ಲೆಕ್ಕವನ್ನೂ ಕಲಿಸಬೇಕು. ಪದವಿಪೂರ್ವ ಗಣಿತದಲ್ಲಿ ಸಂಭವನೀಯತೆಯ ಪಾಠ ಇದ್ದೇ ಇದೆ, 52 ಎಲೆಗಳ ಉದಾಹರಣೆಯೂ ಇದೆ. ಅದರ ಪಕ್ಕದಲ್ಲಿ 9–6 ಮತ್ತು 8–5ರ ಎರಡು ಪಟ್ಟಿ ಬರೆದು ವ್ಯತ್ಯಾಸ ತೋರಿಸಲು ಒಂದು ತರಗತಿ ಸಾಕು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಯಾವ ಕಾಲೇಜು ಕರೆದರೂ ನಾನು ಸ್ವಂತ ಖರ್ಚಿನಲ್ಲಿ ಬಂದು ಈ ಪಾಠ ಮಾಡಲು ಸಿದ್ಧನಿದ್ದೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

– ಅಡಿಕೆ ಬೆಳೆಗಾರ, ನಿವೃತ್ತ ಎಂಜಿನಿಯರ್, ತೀರ್ಥಹಳ್ಳಿ ತಾಲ್ಲೂಕು