ಬಾಟ್ಲಿ ಬೇಗ ಮುಗೀತಿದೆ ಅಂದೆಯಲ್ಲ ಪುಟ್ಟಿ

ಪುಟ್ಟಿ,

ನಿನ್ನ ಮೇಲ್ ನೋಡ್ದೆ. ಕೇಳಿದ್ದು ಇಷ್ಟೇ, ಮೂವತ್ತು ಡಾಲರ್ ಒಳಗೆ ದಿನಾ ಸಂಜೆ ನೀಟಾಗಿ, ಅಂದ್ರೆ ನೀರು ಸೋಡಾ ಬೆರೆಸದೆ, ಕುಡಿಯೋಕಾಗೋ ಬರ್ಬನ್ ವಿಸ್ಕಿ ಯಾವ್ದು ಅತ್ತೆ, ವೈಲ್ಡ್ ಟರ್ಕಿ 101 ಕುಡಿದೂ ಕುಡಿದೂ ಬೇಜಾರಾಗಿದೆ ಅಂತ. ಅಷ್ಟೇ ಆಗಿದ್ರೆ ಕಾಫಿ ಆರೋದ್ರೊಳಗೆ ಉತ್ತರ ಬರೆದು ಮುಗಿಸ್ತಿದ್ದೆ. ಆದ್ರೆ ಬಾಡಿಗೆ ಜಾಸ್ತಿ ಆಗಿದ್ದು, ಕೊಲಂಬಸ್ ಚಳಿ, ಆಫೀಸ್ ರಗಳೆ ಎಲ್ಲಾ ಹೇಳಾದ್ಮೇಲೆ ಕೊನೇಲಿ ಒಂದು ಸಾಲು ಸಿಗಿಸಿದೀಯ. "ಒಂದೇ ಕುಡಿಯೋದು ಅತ್ತೆ, ಆದ್ರೂ ಬಾಟ್ಲಿ ಹತ್ತು ದಿನಕ್ಕೇ ಮುಗೀತಿದೆ, ಒಂದೊಂದ್ಸಲ ಅಪ್ಪನ ನೆನಪಾಗಿ ಭಯ ಆಗುತ್ತೆ." ಅದರ ಪಕ್ಕ ನಗೋ ಇಮೋಜಿ ಬೇರೆ. ಆ ಇಮೋಜಿ ನೋಡಿ ನಂಗೆ ಜಾಸ್ತಿ ಗಾಬರಿ ಆಯ್ತು ಕಣೇ.

ಅಣ್ಣನ ಕಥೆ ನಾನಿಲ್ಲಿ ಬರೆಯಲ್ಲ. ನಿಂಗೆ ಗೊತ್ತಿರೋದೇ, ಕೊನೇಲಿ ಅವನ ಹತ್ರ ಇದ್ದಿದ್ದು ನೀನು ನಿಮ್ಮಮ್ಮ, ನಾನಂತೂ ಅಲ್ಲ. ಫೋನ್ ಮಾಡೋಣ ಅಂದ್ಕೊಂಡೆ, ಆದ್ರೆ ಫೋನಲ್ಲಿ ನಾವಿಬ್ರೂ ಎರಡನೇ ನಿಮಿಷಕ್ಕೆ ಹುಳಿಪುಡಿ ವಿಷಯಕ್ಕೆ ಜಾರ್ಕೊಂಬಿಡ್ತೀವಿ, ಅದಕ್ಕೇ ಬರೀತಿದೀನಿ.

ಮೊದ್ಲು ನೀನು ಕೇಳಿದ್ದು ಹೇಳ್ಬಿಡ್ತೀನಿ. ರೇಟ್ ಕಮ್ಮಿ ಅಂತ ನಾಚ್ಕೋಬೇಡ. ನಮ್ಮೂರ ಕಡೆ ವಿಸ್ಕಿ ಅಂತ ಮಾರೋದ್ರಲ್ಲಿ ಕಾಕಂಬಿ ಸ್ಪಿರಿಟ್ಟೂ ಇರುತ್ತೆ ಬಣ್ಣಾನೂ ಇರುತ್ತೆ, ಇಲ್ಲಿ ಅಮೆರಿಕದಲ್ಲಿ ಬರ್ಬನ್ ಅಂತ ಲೇಬಲ್ ಹಚ್ಚಬೇಕಾದ್ರೆ ಆ ಆಟ ನಡೆಯಲ್ಲ. ಕಮ್ಮಿ ಅಂದ್ರೂ 51 ಪರ್ಸೆಂಟ್ ಮೆಕ್ಕೆಜೋಳ ಇರ್ಬೇಕು, ಒಳಗೋಡೆ ಸುಟ್ಟು ಕರಿ ಮಾಡಿದ ಹೊಸಾ ಓಕ್ ಪೀಪಾಯಲ್ಲೇ ಇಡ್ಬೇಕು, ಬಣ್ಣ ಗಿಣ್ಣ ಏನೂ ಬೆರೆಸೋ ಹಾಗಿಲ್ಲ, ಹದಿನೈದು ಡಾಲರ್ ಬಾಟ್ಲಿಗೂ ಇದೇ ಕಾನೂನು ಇನ್ನೂರು ಡಾಲರ್ ಬಾಟ್ಲಿಗೂ ಇದೇ ಕಾನೂನು. ಲೇಬಲ್ ಮೇಲೆ ಬಾಟಲ್ಡ್ ಇನ್ ಬಾಂಡ್ ಅಂತಿದ್ರೆ ಕಣ್ಮುಚ್ಕೊಂಡು ತಗೋ. ವಿಸ್ಕಿಗೆ ಏನೇನೋ ಕಲಬೆರಕೆ ಮಾಡಿ ಮಾರ್ತಿದ್ದ ಕಾಲದಲ್ಲಿ, 1897ರಲ್ಲಿ, ಮಾಡಿದ ಕಾನೂನು ಅದು. ಒಂದೇ ಡಿಸ್ಟಿಲರಿ, ಒಂದೇ ಸೀಸನ್ ಮಾಲು, ನಾಲ್ಕು ವರ್ಷಕ್ಕೆ ಕಮ್ಮಿ ಇಲ್ಲದ ಹಾಗೆ ಸರ್ಕಾರದ ಕಣ್ಗಾವಲಿನ ಬಾಂಡೆಡ್ ಗೋಡೌನಲ್ಲಿರ್ಬೇಕು, ಬಾಟ್ಲಿಗೆ ತುಂಬುವಾಗ ಸರಿಯಾಗಿ 100 ಪ್ರೂಫ್, ಅಂದ್ರೆ ಅರ್ಧಕ್ಕರ್ಧ ಆಲ್ಕೋಹಾಲ್.

ನಂಗೆ ಇಷ್ಟ ಇವಾನ್ ವಿಲಿಯಮ್ಸ್ ಬಿಳೀ ಲೇಬಲ್ಲು. ಇಪ್ಪತ್ತು ಡಾಲರ್ ಆಚೀಚೆ ಸಿಗುತ್ತೆ, ಮೂಗಿನ ಹತ್ರ ತಂದ್ರೆ ಬೆಲ್ಲದ ಪಾಕ ಒಂದು ಎಳೆ ಜಾಸ್ತಿ ಆಗಿ ಇನ್ನೇನು ಸೀಯುತ್ತೆ ಅನ್ನೋವಾಗ ಬರುತ್ತಲ್ಲ ಆ ವಾಸನೆ. ಓಲ್ಡ್ ಗ್ರ್ಯಾಂಡ್ ಡ್ಯಾಡ್ ಬಾಂಡೆಡ್ಡೂ ಚೆನ್ನಾಗಿದೆ, ಕಿತ್ತಳೆ ಲೇಬಲ್ಲು, ಮೇಲೊಬ್ಬ ಅಜ್ಜನ ಚಿತ್ರ, ಅದ್ರಲ್ಲಿ ರೈ ಅನ್ನೋ ಧಾನ್ಯ ಜಾಸ್ತಿ ಹಾಕಿರೋದ್ರಿಂದ ಸ್ವಲ್ಪ ಖಾರ. ಬಫಲೋ ಟ್ರೇಸ್ ಸಿಕ್ರೆ ತಗೋ, ಸಿಗದಿದ್ರೆ ಕ್ಯೂ ನಿಲ್ಲೋ ಅಂಥದ್ದೇನಿಲ್ಲ, ಜನ ಸುಮ್ನೆ ಹುಚ್ಚೆಬ್ಬಿಸಿದಾರೆ.

ಇಷ್ಟು ಬರೆದು ನಿಲ್ಲಿಸ್ಬೇಕಿತ್ತು. ಆದ್ರೆ ನಾನು ಮೊದ್ಲು ಹೇಳಿದ ಎರಡೂ 100 ಪ್ರೂಫ್, ನೀನು ಕುಡೀತಿರೋದು 101, ನಿನ್ನ ಆ ಸಾಲು ಮತ್ತೆ ಕಣ್ಮುಂದೆ ಬರುತ್ತೆ. ಹತ್ತು ದಿನ. ಬಾಟ್ಲಿ 750 ಎಂಎಲ್. ದಿನಕ್ಕೆ ಒಂದೇ ಅಂತೀಯ, ಹಾಗಾದ್ರೆ ನಿನ್ನ ಆ ಒಂದು 75 ಎಂಎಲ್ ಆಯ್ತು. ಇಲ್ಲಿ ಒಂದು ಡ್ರಿಂಕ್ ಅಂದ್ರೆ ಒಂದೂವರೆ ಔನ್ಸ್, 44 ಎಂಎಲ್, ಅದೂ 80 ಪ್ರೂಫ್ ಲೆಕ್ಕದಲ್ಲಿ, ಅದ್ರಲ್ಲಿ ಆಲ್ಕೋಹಾಲ್ 14 ಗ್ರಾಂ. ನಿನ್ನ 75 ಎಂಎಲ್ ವೈಲ್ಡ್ ಟರ್ಕಿಯಲ್ಲಿ ಹತ್ತತ್ರ 30 ಗ್ರಾಂ ಬರುತ್ತೆ. ಅಂದ್ರೆ ನೀನು ಒಂದು ಅಂದ್ಕೊಂಡು ಕುಡೀತಿರೋದು ಎರಡು, ಮೇಲೊಂಚೂರು. ಹೆಂಗಸರು ದಿನಕ್ಕೆ ಒಂದು ದಾಟಬೇಡಿ ಅಂತ ಇಲ್ಲಿ ಡಾಕ್ಟರುಗಳು ವರ್ಷಗಳಿಂದ ಬಡ್ಕೋತಾನೇ ಇದಾರೆ, ಅದೂ ದಿನಾ ಕುಡೀರಿ ಅಂತಲ್ಲ, ದಾಟಬೇಡಿ ಅಂತ. ಬೈತಿದೀನಿ ಅಂದ್ಕೋಬೇಡ. ನೀನು ಸುಳ್ಳು ಹೇಳಿಲ್ಲ, ನಿನ್ನ ಕೈ ಹೇಳಿದೆ. ಕಣ್ಣಂದಾಜಲ್ಲಿ ಹುಯ್ಯೋರಿಗೆಲ್ಲ ಹೀಗೇ ಆಗೋದು, ಗ್ಲಾಸ್ ಅಗಲ ಇದ್ದಷ್ಟೂ ಕೈ ಧಾರಾಳ.

ನಾನ್ಯಾಕೆ ಇಷ್ಟು ಹೆದರ್ತೀನಿ ಅಂದ್ರೆ, ನಿಂಗೆ ಹೇಳಿದೀನೋ ಇಲ್ವೋ. 1996ರಲ್ಲಿ, ನವೆಂಬರ್ ತಿಂಗಳು, ನಮ್ಮ ಕೆಂಟಕಿ ರಾಜ್ಯದ ಬಾರ್ಡ್ಸ್‌ಟೌನಲ್ಲಿ ಹೆವನ್ ಹಿಲ್ ಡಿಸ್ಟಿಲರಿಗೆ ಬೆಂಕಿ ಬಿತ್ತು. ಇವಾನ್ ವಿಲಿಯಮ್ಸ್ ಮಾಡ್ತಾರಲ್ಲ ಅವ್ರೇ. ಏಳು ಗೋಡೌನು, ತೊಂಬತ್ತು ಸಾವಿರದಷ್ಟು ಪೀಪಾಯಿ, ಉರಿಯೋ ವಿಸ್ಕಿ ಇಳಿಜಾರಲ್ಲಿ ಹರಿದು ಹೋಗ್ತಿದ್ದಿದ್ದನ್ನ ನಾನು ನಿಮ್ಮ ಮಾವ ಲೂಯಿವಿಲ್‌ನಲ್ಲಿ ಟಿವಿ ಮುಂದೆ ಕೂತು ನೋಡಿದ್ವಿ. ಆ ವಾರ ಹಾಸನಕ್ಕೆ ಫೋನ್ ಮಾಡ್ದಾಗ ಅಣ್ಣನಿಗೆ ಇದನ್ನೇ ಹೇಳ್ದೆ, ಅವ್ನು ಅಯ್ಯಯ್ಯೋ ತೊಂಬತ್ತು ಸಾವಿರ ಪೀಪಾಯಾ ಅಂತ ಜೋರಾಗಿ ನಕ್ಕ, ನಾನೂ ನಕ್ಕೆ. ಆಮೇಲೆ ದನಿ ತಗ್ಗಿಸಿ ಕೇಳ್ದ, "ನೀನೂ ತಗೋತೀಯಲ್ಲೇ, ನಿಂಗೆ ಒಂದಕ್ಕೆ ಹೇಗೆ ನಿಲ್ಲುತ್ತೆ?" ಆಗ ಐಎಸ್‌ಡಿ ಅಂದ್ರೆ ನಿಮಿಷಕ್ಕಿಷ್ಟು ಅಂತ ಗಡಿಯಾರ ನೋಡ್ಕೊಂಡು ಮಾತಾಡೋ ಕಾಲ. ಏನೋ ಒಂದು ಹೇಳಿ, ಅಮ್ಮನಿಗೆ ಕೊಡೋ ಫೋನು ಅಂದೆ. ಅವ್ನು ಕೊಟ್ಟ. ಮತ್ತೆ ಯಾವತ್ತೂ ಕೇಳ್ಲಿಲ್ಲ.

ಅವನು ಕೇಳಿದ್ದು ಎಷ್ಟು ಕಷ್ಟಪಟ್ಟು ಕೇಳಿದ್ದು ಅಂತ ನಂಗೆ ಗೊತ್ತಾಗಿದ್ದು ಬಹಳ ತಡವಾಗಿ. ನಾನು ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡ್ದೋಳು, ಊರವರ ಲಿವರ್ ರಿಪೋರ್ಟೆಲ್ಲ ನನ್ನ ಕೈದಾಟಿ ಹೋಗ್ತಿತ್ತು, ಕುಡಿತ ಜಾಸ್ತಿ ಆದ್ರೆ ಏರೋ ಜಿಜಿಟಿ ಅನ್ನೋ ಲಿವರ್ ಟೆಸ್ಟಿನ ನಂಬರ್ ಏರ್ತಾ ಹೋಗಿರೋದು ಕಂಡ್ರೆ ಈ ಮನುಷ್ಯ ಮನೇಲಿ ಏನು ಹೇಳ್ತಿದಾನೋ ಅಂದ್ಕೋತಿದ್ದೆ. ನನ್ನ ಅಣ್ಣನದು ಮಾತ್ರ ನೋಡ್ಲಿಲ್ಲ. ನಾವು ಅವನಿಗೆ ಮಾಡಿದ್ದೇನು, ಮಂಜುನಾಥನ ಆಣೆ ಹಾಕಿಸಿದ್ದು, ಅಮ್ಮ ಹರಕೆ ಹೊತ್ತಿದ್ದು, ಅತ್ತಿದ್ದು. ನಾಲ್ಟ್ರೆಕ್ಸೋನ್ ಅನ್ನೋ ಮಾತ್ರೆ ಇಲ್ಲಿ 1994ರಿಂದಲೇ ಕುಡಿತಕ್ಕೆ ಕೊಡ್ತಿದ್ರು, ಬೇಕು ಅನ್ನೋ ಆ ತುಡಿತ ಕಮ್ಮಿ ಮಾಡುತ್ತೆ, ಎಲ್ರಿಗೂ ಅಲ್ಲ, ಕೆಲವರಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಡಾಕ್ಟರುಗಳಿದ್ದಾರೆ. ಹಾಸನದಿಂದ ಬೆಂಗಳೂರು ಎಷ್ಟು ದೂರ ಹೇಳು. ಮರ್ಯಾದೆ ಹೋಗುತ್ತೆ ಅಂತ ಯಾರೂ ಕರ್ಕೊಂಡ್ ಹೋಗ್ಲಿಲ್ಲ, ಹೋಗ್ಲಿ ಬಿಡು, ಬರೆಯಲ್ಲ ಅಂದೋಳು ಮತ್ತೆ ಅಲ್ಲಿಗೇ ಬಂದೆ.

ಈಗ ನೀನು ಕೇಳ್ತಿರೋದೂ ಅದೇ ತಾನೇ, ಬೇರೆ ಮಾತಲ್ಲಿ. ನಂಗೆ ಹೇಗೆ ನಿಲ್ಲುತ್ತೆ ಅಂತ ನಿಜವಾಗ್ಲೂ ಗೊತ್ತಿಲ್ಲ ಪುಟ್ಟಿ. ಅಣ್ಣನಿಗಿಂತ ನಾನು ಗಟ್ಟಿ ಅಂತ ಅಲ್ಲ, ಅವನಷ್ಟು ಹಟ ನಮ್ಮನೇಲಿ ಯಾರಿಗೂ ಇರ್ಲಿಲ್ಲ. ಗ್ಲಾಸ್ ಖಾಲಿ ಆದ್ಮೇಲೆ ನಂಗೆ ಇನ್ನೊಂದು ಬೇಕು ಅನ್ಸಲ್ಲ, ನಿದ್ದೆ ಬರುತ್ತೆ ಇಲ್ಲಾ ಹಸಿವಾಗುತ್ತೆ, ಅಷ್ಟೇ. ಒಂದೇ ತಾಯಿ ಮಕ್ಕಳು, ಒಬ್ಬರಿಗೆ ಹಾಗೆ ಒಬ್ಬರಿಗೆ ಹೀಗೆ. ರಕ್ತದಲ್ಲಿ ಬರೋ ಅಪಾಯ ಸುಮಾರು ಅರ್ಧ ಅಂತಾರೆ ಡಾಕ್ಟರುಗಳು, ಉಳಿದರ್ಧ ನಾವು ಬದುಕೋ ರೀತಿ, ಒಂಟಿತನ, ಕೈಗೆ ಎಷ್ಟು ಸುಲಭಕ್ಕೆ ಸಿಗುತ್ತೆ, ಇಂಥವು. ಅರ್ಧ ಅಂದ್ರೆ ಅಣ್ಣನ ಮಗಳು ಅನ್ನೋ ಕಾರಣಕ್ಕೆ ನಿನ್ನ ಹಣೆಬರಹ ಬರೆದಾಯ್ತು ಅಂತಲ್ಲ, ಹಾಗಂತ ನೀನು ಮನೇಲಿ ಇಂಥ ಕಥೆ ಇಲ್ಲದೋರ ಥರಾನೂ ಅಲ್ಲ. ನೀನು ಸ್ವಲ್ಪ ಜಾಸ್ತಿ ಹುಷಾರಾಗಿರ್ಬೇಕು. ಇದು ಅನ್ಯಾಯ, ಒಪ್ಕೋತೀನಿ.

ನೀಟ್ ಕುಡಿಯೋ ವಿಷಯ. ಊರಲ್ಲಿ ರಾ ಹೊಡೆಯೋರ ಥರ ಗಟಗಟ ಇಳಿಸೋದಾದ್ರೆ ಅದಕ್ಕೆ ಬರ್ಬನ್ ಯಾಕೆ ಬೇಕು. ಗ್ಲಾಸಿಗೆ ಹಾಕಿ ಐದು ಹತ್ತು ನಿಮಿಷ ಹಾಗೇ ಬಿಡು, ಮೂಗು ಒಳಗೆ ತೂರಿಸ್ಬೇಡ, ಬಾಯಿ ಸ್ವಲ್ಪ ತೆರೆದು ವಾಸನೆ ತಗೋ ಉರಿ ಕಮ್ಮಿ ಅನ್ಸುತ್ತೆ. ಮೊದಲನೇ ಸಿಪ್ ಯಾವತ್ತೂ ಉರಿಯೇ, ರುಚಿ ಗೊತ್ತಾಗೋದು ಎರಡನೇದಕ್ಕೆ. ನಾಲ್ಕು ಹನಿ ನೀರು ಹಾಕಿದ್ರೆ ನೀಟ್ ಕೆಟ್ಟೋಯ್ತು ಅನ್ನೋರ ಮಾತು ಕೇಳ್ಬೇಡ, 100 ಪ್ರೂಫಿಗೆ ನೀರು ಹಾಕಿದ್ರೇನೇ ಕೆಲವು ವಾಸನೆ ಹೊರಗೆ ಬರೋದು. ಊಟ ಮಾಡ್ದೆ ಮಾತ್ರ ಕೂರಬೇಡ, ಇದನ್ನ ನಿಮ್ಮಮ್ಮನೂ ಹೇಳ್ತಿದ್ಲು, ಕುಡಿಯೋದು ಗೊತ್ತಿದ್ದಿದ್ರೆ.

ಇಷ್ಟೆಲ್ಲಾ ಹೇಳಿ, ನಾನು ನಿಜಕ್ಕೂ ಹೇಳ್ಬೇಕಿದ್ದಿದ್ದು, ಕೆಲವು ದಿನ 80 ಪ್ರೂಫಿಗೆ ಇಳಿದು ನೋಡು ಅಂತ. ಫೋರ್ ರೋಸಸ್ ಮಾಮೂಲಿದು, ಸುಮಾರು ನಿನ್ನ ರೇಟಲ್ಲೇ ಬರುತ್ತೆ, ಮೆತ್ತಗಿದೆ, ಹೂವಿನ ಥರ. ನಾವು ಬಂದ ಹೊಸದ್ರಲ್ಲಿ ಅದೇ ಹೆಸರಿನ ಬಾಟ್ಲಿ ತಂದು ನಿಮ್ಮ ಮಾವ ಮುಖ ಕಿವುಚಿದ್ದು ನೆನಪಿದೆ, ಆಗ ಅವರು ಒಳ್ಳೇ ಬರ್ಬನ್ನೆಲ್ಲ ಜಪಾನಿಗೆ ಯೂರೋಪಿಗೆ ಕಳ್ಸಿ ಇಲ್ಲಿನ ಜನಕ್ಕೆ ಬೆರಕೆ ವಿಸ್ಕಿ ಮಾರ್ತಿದ್ರು. 2002ರಲ್ಲಿ ಜಪಾನಿನ ಕಿರಿನ್ ಕಂಪನಿ ಕೊಂಡ್ಕೊಂಡ ಮೇಲೆ ಇಲ್ಲೂ ಅಸಲಿ ಮಾಲು ಬಂತು. ಗೋಧಿ ಹಾಕಿದ್ದು ಇಷ್ಟ ಆದ್ರೆ ಮೇಕರ್ಸ್ ಮಾರ್ಕ್, 90 ಪ್ರೂಫ್, ನಿನ್ನ ಮೂವತ್ತರ ಗಡಿ ಹತ್ರ ಬರುತ್ತೆ. ಹಾಂ, ನಿಮ್ಮ ಒಹಾಯೋದಲ್ಲಿ ಸರ್ಕಾರವೇ ರೇಟ್ ಕಟ್ಟೋದು, ಅಂಗಡಿ ಅಂಗಡಿ ಅಲೆದು ಪೆಟ್ರೋಲ್ ಸುಡಬೇಡ. ಗ್ರೋಸರಿ ಅಂಗಡೀಲಿ ಅದೇ ಥರ ಲೇಬಲ್ಲಿನ ಅಗ್ಗದ ಬಾಟ್ಲಿ ಕಂಡ್ರೆ ಲೇಬಲ್ ಸರಿಯಾಗಿ ಓದು, ನೀರು ಬೆರೆಸಿ 42 ಪ್ರೂಫಿಗೆ ಇಳಿಸಿದ್ದು ಇರುತ್ತೆ, ಅದನ್ನ ನೀಟ್ ಕುಡಿದ್ರೆ ಸಪ್ಪೆ ಕಷಾಯ.

ನಿದ್ದೆಗೆ ಅಂತ ಕುಡೀತಿದೀಯಾ? ಬರೆದಿಲ್ಲ ನೀನು, ಆದ್ರೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ ಅಂತ ಹೋದ ತಿಂಗಳು ಯಾಕೋ ಹೇಳಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ನೋಡು, ಬೇಗ ನಿದ್ದೆ ಹತ್ತಿಸುತ್ತೆ, ಆಮೇಲಿನ ಅರ್ಧ ರಾತ್ರಿ ಕೆಡಿಸುತ್ತೆ. ಇನ್ನೊಂದು ಕೇಳ್ತೀನಿ, ಸಿಟ್ಟಾಗ್ಬೇಡ. ಬಾಟ್ಲಿ ಎಲ್ಲಿಡ್ತೀಯ? ನಂದು ಅಡುಗೆಮನೆ ಕಪಾಟಲ್ಲಿ ಎಣ್ಣೆ ಡಬ್ಬಿ ಪಕ್ಕ ಇರುತ್ತೆ, ಯಾರು ಬಂದ್ರೂ ಕಾಣುತ್ತೆ, ನಮ್ಮಮ್ಮ ಇಲ್ಲಿಗೆ ಬಂದಾಗ್ಲೂ ತೆಗೆದಿಡ್ಲಿಲ್ಲ, ಅವಳು ಮೂರು ದಿನ ಮಾತು ಬಿಟ್ಲು ಆಮೇಲೆ ಸುಮ್ನಾದ್ಲು. ಅಣ್ಣನದು ಎಲ್ಲೆಲ್ಲಿ ಸಿಗ್ತಿತ್ತು ಅಂತ ನಿಂಗೇ ಗೊತ್ತು. ನಿಂದು ಬೀರುವಿನ ಬಟ್ಟೆ ಹಿಂದೆ ಹೋಗಿದ್ರೆ ನಂಗೆ ಹೇಳು. ಬೇರೇನೂ ಮಾಡ್ಬೇಡ, ಹೇಳು ಅಷ್ಟೇ.

ಡಾಕ್ಟರ ಹತ್ರ ಹೋಗು ಅಂದ್ರೆ ದೊಡ್ಡ ಮಾತಾಯ್ತು ಅಂತೀಯ. ವರ್ಷದ ಚೆಕಪ್ ಹೇಗೂ ಇದೆಯಲ್ಲ, ಆಗ ಕೇಳು, ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ ಹತ್ತು ಪ್ರಶ್ನೆ ಇದೆ, ಆಡಿಟ್ ಅಂತ ಹೆಸರು, ಐದು ನಿಮಿಷದ ಕೆಲಸ. ನಾನು ಹೇಳೋದು ಸರಿಯೋ ತಪ್ಪೋ ಅವರು ಹೇಳ್ತಾರೆ, ನಾನು ಲ್ಯಾಬಿನವಳು, ಡಾಕ್ಟರಲ್ಲ. ಮಧ್ಯೆ ಒಂದು ವಾರ ಬಿಟ್ಟು ನೋಡು ಅಂತಾನೂ ಹೇಳೋಣ ಅನ್ಸುತ್ತೆ, ಆದ್ರೆ ನೀನು ಹೇಳಿದ್ದಕ್ಕಿಂತ ಜಾಸ್ತಿ ಕುಡೀತಿದ್ರೆ, ಬಿಟ್ಟಾಗ ಕೈ ನಡುಗೋದು ಬೆವರೋದು ಆದ್ರೆ, ಒಬ್ಳೇ ಮನೇಲಿ ಕೂತು ತಡ್ಕೋಬೇಡ, ಅದು ಅಪಾಯ, ಡಾಕ್ಟರಿಗೆ ಫೋನ್ ಮಾಡು. ಹಾಗೇನೂ ಇರಲ್ಲ, ಗೊತ್ತು, ಆದ್ರೂ ಬರೆದೆ.

ಈಗ ಒಂದು ಕೆಲಸ ಮಾಡು. ಇವತ್ತು ಸಂಜೆ ನಿನ್ನ ಆ ಗ್ಲಾಸಿಗೆ ದಿನಾ ಹುಯ್ಯೋ ಅಷ್ಟೇ ನೀರು ಹುಯ್ಯಿ, ಬರ್ಬನ್ ಅಲ್ಲ, ನೀರು. ಯೋಚ್ನೆ ಮಾಡ್ದೆ, ಟಿವಿ ನೋಡ್ತಾ ಹುಯ್ಯಿ. ಆಮೇಲೆ ಅದನ್ನ ಮೆಷರಿಂಗ್ ಕಪ್ಪಿಗೆ ಸುರಿದು ಗೆರೆ ನೋಡು, ಫೋಟೋ ತೆಗೆದು ಕಳ್ಸು. 75 ಇದ್ರೆ ಒಂದು ಜಿಗ್ಗರ್, ಅಂದ್ರೆ ಅಳತೆ ಬಟ್ಟಲು, ತಗೊಳ್ಳೋಣ, ನಾನೇ ಆರ್ಡರ್ ಮಾಡ್ತೀನಿ. 75ಕ್ಕಿಂತ ಕಮ್ಮಿ ಬಂದ್ರೆ, ಹಾಗಾದ್ರೆ ದಿನಕ್ಕೆ ಒಂದೇ ಅಲ್ಲ ಅಂತಾಯ್ತು, ಆಗ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಎತ್ತುತೀನಿ, ಹುಳಿಪುಡಿ ವಿಷಯ ತೆಗೆಯಲ್ಲ.

ನಿನ್ನ ಅತ್ತೆ